ಪಕ್ಷ ಬಿಟ್ಟರೂ ಕುರ್ಚಿ ಹೋಗದ ಫ್ರೆಂಚ್ ಸಂಸದ ರುಫ್ಯಾಂ: ಇದು ಹೇಗೆ ಸಾಧ್ಯ?

ಕೋಥ್ರೂಡ್ ಕನ್ನಡತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪುಣೆಯ ನಮ್ಮ ಕನ್ನಡ ಓದುಗರ ಬಳಗದಲ್ಲಿ ಫ್ರಾನ್ಸಿನ ಎಡಪಂಥೀಯ ಸಂಸದ ಫ್ರಾನ್ಸ್ವಾ ರುಫ್ಯಾಂ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕಾಗಿದೆ. ಕೇಳುವವರಲ್ಲಿ ಹೆಚ್ಚಿನವರು ನಿವೃತ್ತ ಬ್ಯಾಂಕಿನವರು, ವಕೀಲರು, ಕಾರ್ಖಾನೆಯವರು. ಪ್ರಶ್ನೆ ಹಾಕಿ ಸುಸ್ತು ಮಾಡುವ ಪೈಕಿ. ಆತ ಪತ್ರಕರ್ತ, ಸಿನಿಮಾ ಮಾಡಿದವ, 2017ರಿಂದ ಸಂಸದ ಎಂಬಷ್ಟು ಗೊತ್ತು. ಸಿಕ್ಕು ಬಿಡದಿರುವುದು ಇವು:

ಮೊದಲ ಸುತ್ತಿನಲ್ಲಿ ಎರಡನೇ ಸ್ಥಾನಕ್ಕೆ ಬಿದ್ದವನು ಕೊನೆಗೆ ಗೆಲ್ಲುವುದು ಹೇಗೆ? ಅದೂ ಎರಡು ಸಲ! 2024ರಲ್ಲಿ ಕಟ್ಟಾ ಎಡಪಂಥದ ನಾಯಕ ಮೆಲಾಂಶೋಂ ಅವರ ಕೂಟದಿಂದ ಹೊರಬಿದ್ದರೂ ಸದಸ್ಯತ್ವ ಯಾಕೆ ಹೋಗಲಿಲ್ಲ? ಎಂಟು ವರ್ಷದಲ್ಲಿ ಆತ ಪಾಸು ಮಾಡಿಸಿದ್ದೇನು? ಸಂಬಳ, ಖರ್ಚಿನ ವಿಷಯ ಸಿಕ್ಕರೆ ಇನ್ನೂ ಒಳ್ಳೆಯದು, ಬ್ಯಾಂಕಿನವರು ಅದನ್ನೇ ಮೊದಲು ಕೇಳುತ್ತಾರೆ.

ಮಾಟುಂಗಾ ಮಾಣಿ

ಚುನಾವಣೆಯ ಲೆಕ್ಕ ನಾನು ಹೇಳ್ತೇನೆ, ಉಳಿದದ್ದನ್ನು ಬೇರೆಯವರು ಹೇಳಲಿ.

ಅಲ್ಲಿ 577 ಕ್ಷೇತ್ರ, ಒಂದೊಂದಕ್ಕೂ ಒಬ್ಬ ಸಂಸದ. ಒಂದು ಕ್ಷೇತ್ರದಲ್ಲಿ ಸರಾಸರಿ ಒಂದೂಕಾಲು ಲಕ್ಷದ ಹತ್ತಿರ ಜನ, ನಮ್ಮ ಒಂದು ವಿಧಾನಸಭಾ ಕ್ಷೇತ್ರಕ್ಕಿಂತಲೂ ಸಣ್ಣದು. ಮತದಾನ ಭಾನುವಾರ, ಒಂದು ವಾರದ ಅಂತರದಲ್ಲಿ ಎರಡು ಸುತ್ತು. ಮೊದಲ ಸುತ್ತಲ್ಲೇ ಗೆಲ್ಲಬೇಕಾದರೆ ಎರಡು ಶರತ್ತು: ಬಿದ್ದ ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರಬೇಕು, ಜೊತೆಗೆ ಪಟ್ಟಿಯಲ್ಲಿರುವ ಒಟ್ಟು ಮತದಾರರ 25% ಆದರೂ ಆಗಿರಬೇಕು. ಇಲ್ಲವಾದರೆ ಮೊದಲ ಇಬ್ಬರು ಎರಡನೇ ಸುತ್ತಿಗೆ. ಮೂರನೆಯವನೂ ಬರಬಹುದು, ಆದರೆ ಪಟ್ಟಿಯಲ್ಲಿರುವ ಮತದಾರರ 12.5% ಅವನಿಗೆ ಬಿದ್ದಿರಬೇಕು.

ಇಲ್ಲೇ ಸುಮಾರು ಜನ ಎಡವುತ್ತಾರೆ. 12.5% ಅಂದರೆ ಬಿದ್ದ ಮತದ್ದಲ್ಲ, ಪಟ್ಟಿಯದ್ದು. 2017ರಲ್ಲಿ ದೇಶಾದ್ಯಂತ ಮತ ಹಾಕಿದವರು 49%ಕ್ಕೂ ಕಡಿಮೆ. 12.5ನ್ನು 0.49ರಿಂದ ಭಾಗಿಸಿ ನೋಡಿ, ಬಿದ್ದ ಮತದ ಕಾಲು ಭಾಗಕ್ಕಿಂತ ಹೆಚ್ಚು ಬೇಕಾಗ್ತದೆ. ಹಾಗಾಗಿ ಆ ವರ್ಷ ತ್ರಿಕೋನ ಸ್ಪರ್ಧೆ ಇಡೀ ದೇಶದಲ್ಲಿ ಒಂದೇ ಕಡೆ ಆಯಿತು. 2024ರಲ್ಲಿ 66% ದಾಟಿ ಮತದಾನ ಆಯಿತು, ಆಗ ಸುಮಾರು 19% ಸಿಕ್ಕಿದರೂ ಮೂರನೆಯವ ಒಳಗೆ. ಹಾಗೆ 300ಕ್ಕೂ ಹೆಚ್ಚು ಕ್ಷೇತ್ರದಲ್ಲಿ ಮೂವರು ಅರ್ಹರಾದರು.

ಈಗ ರುಫ್ಯಾಂಗೆ ಬನ್ನಿ. ಕ್ಷೇತ್ರ ಉತ್ತರ ಫ್ರಾನ್ಸಿನ ಸೋಮ್ ಜಿಲ್ಲೆಯ ಒಂದನೇ ಕ್ಷೇತ್ರ: ಆಮಿಯಾಂ ನಗರದ ಒಂದು ಭಾಗ, ಅಬ್ವಿಲ್ ಪೇಟೆ, ನಡುವೆ ಫ್ಲಿಕ್ಸ್‌ಕೂರ್ ಕಡೆಯ ಹಳೇ ಮಿಲ್ಲು ಊರುಗಳು. 2017ರ ಮೊದಲ ಸುತ್ತಲ್ಲಿ ಮ್ಯಾಕ್ರನ್ ಪಕ್ಷದವ 34%, ರುಫ್ಯಾಂ ಸುಮಾರು 24%. ಕಟ್ಟಾ ಬಲಪಂಥದ ಲೆ ಪೆನ್ ಪಕ್ಷದವ ಮೂರನೆಯವನಾಗಿ ಹೊರಗೆ ಬಿದ್ದ. ಎರಡನೇ ಸುತ್ತಲ್ಲಿ ರುಫ್ಯಾಂ 56% ಹತ್ತಿರ. ಎಡಪಕ್ಷಗಳ ಚಿಲ್ಲರೆ ಮತ ಒಟ್ಟಾದದ್ದು ಒಂದು ಕಾರಣ, ಮ್ಯಾಕ್ರನ್ ಬೇಡ ಎಂದ ಕಾರ್ಮಿಕ ಕೇರಿಗಳು ಇನ್ನೊಂದು.

2022ರಲ್ಲಿ ಸಲೀಸು, ಎಡ ಒಕ್ಕೂಟದ ಅಭ್ಯರ್ಥಿಯಾಗಿ ಎರಡನೇ ಸುತ್ತಲ್ಲಿ 61%. 2024ರಲ್ಲಿ ಮಾತ್ರ ಜೀವ ಬಾಯಿಗೆ ಬಂತು. ಲೆ ಪೆನ್ ಪಕ್ಷದ ಅಭ್ಯರ್ಥಿ 40% ದಾಟಿದರು, ಇವರು 34% ಹತ್ತಿರ, ಮ್ಯಾಕ್ರನ್ ಪಾಳಯದ ಅಭ್ಯರ್ಥಿ 22% ಆಸುಪಾಸು. ಮೂವರೂ ಅರ್ಹರು. ಹಿಂದೆ ಸರಿಯಲಿಕ್ಕೆ ಕೊಡುವ ಅವಧಿ ತೀರಾ ಚಿಕ್ಕದು: ಭಾನುವಾರ ರಾತ್ರಿ ಫಲಿತಾಂಶ, ಮಂಗಳವಾರ ಸಂಜೆ 6 ಗಂಟೆಯೊಳಗೆ ಎರಡನೇ ಸುತ್ತಿನ ನಾಮಪತ್ರ ಹಾಕಬೇಕು, ಹಾಕದಿದ್ದರೆ ಕಣದಲ್ಲಿಲ್ಲ ಎಂದು ಅರ್ಥ. ಮೂರನೆಯವರು ಹಾಕಲಿಲ್ಲ. ರುಫ್ಯಾಂ 53%ಕ್ಕೆ ದಡ ಸೇರಿದರು.

ನಿಮ್ಮ ಸಭೆಗೆ ಒಂದು ಎಳೆ ಕೊಡ್ತೇನೆ. 1967ರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರನ್ನು ಕೆಡವಿದ್ದು ಹಿರಿಯರಿಗೆಲ್ಲ ನೆನಪು ಉಂಟು. ಜಾರ್ಜ್ ಕೂಡ ಪತ್ರಿಕೆ ನಡೆಸಿ, ಕಾರ್ಮಿಕರ ನಡುವೆ ಹೆಸರು ಮಾಡಿ ಸಂಸತ್ತಿಗೆ ಹೋದವರು. ಆದರೆ ಅಲ್ಲಿ ಒಂದೇ ಏಟಿಗೆ ಇತ್ಯರ್ಥ. ಆಮಿಯಾಂನಲ್ಲಿ ನಮ್ಮ ಪದ್ಧತಿ ಇದ್ದಿದ್ದರೆ ರುಫ್ಯಾಂ 2017ರಲ್ಲೂ 2024ರಲ್ಲೂ ಸೋತು ಮನೆಯಲ್ಲಿರುತ್ತಿದ್ದರು ಮಾರಾಯ್ರೆ.

ವಾಸ್ಕೊ ಧಾರವಾಡಿ

ಪಕ್ಷಾಂತರದ ಪ್ರಶ್ನೆ ನನಗ ಬಿಡ್ರಿ. ಗೋವಾದಾಗ ಕುಂತವ್ರಿಗೆ ಇದರ ಮ್ಯಾಲ ಪಿಎಚ್‌ಡಿ ಆಗಿರ್ತದ. 2019ರ ಜುಲೈದಾಗ ಕಾಂಗ್ರೆಸ್ಸಿನ 15 ಶಾಸಕರಾಗ 10 ಮಂದಿ ಒಮ್ಮೆಲೇ ಬಿಜೆಪಿಗೆ ಹೋದ್ರು, 2022ರ ಸೆಪ್ಟೆಂಬರ್‌ದಾಗ 11ರಾಗ 8 ಮಂದಿ. ಒಬ್ಬೊಬ್ರ ಹೋಗಿದ್ರ ಕುರ್ಚಿ ಹೋಗ್ತಿತ್ತು, ಮೂರನೇ ಎರಡು ಭಾಗ ಆದ್ರ ವಿಲೀನ ಅಂತ ಉಳೀತು. 1985ರಾಗ ಪಕ್ಷಾಂತರ ತಡಿಯಾಕ ನಮ್ಮ ಸಂವಿಧಾನಕ್ಕ ಬಂದ ಹತ್ತನೇ ಅನುಸೂಚಿ, 2003ರಾಗ ಬಿಗಿ ಮಾಡಿದ್ದು. ವಿಪ್ ಮೀರಿ ಮತ ಹಾಕಿದ್ರೂ ನಮ್ಮಲ್ಲಿ ಸದಸ್ಯತ್ವಕ್ಕ ಕುತ್ತು.

ಫ್ರಾನ್ಸಿನ್ಯಾಗ ಇದರ ತದ್ವಿರುದ್ಧ. ಅವರ ಸಂವಿಧಾನದ 27ನೇ ವಿಧಿ ನೋಡ್ರಿ: ಸಂಸದ ಹಿಂಗ ಮತ ಹಾಕಬೇಕು ಅಂತ ಯಾರೂ ಕಟ್ಟಿಹಾಕಂಗಿಲ್ಲ, ಮತದ ಹಕ್ಕು ಅವನ ಸ್ವಂತದ್ದು. ಪಕ್ಷ ಅವನ್ನ ಹೊರಗ ಹಾಕಬಹುದು, ಕುರ್ಚಿ ಕಸಗೊಳ್ಳಲಿಕ್ಕೆ ಬರೂದಿಲ್ಲ.

ಹಂಗಂತ ಪುಕ್ಕಟೆ ಅಲ್ರಿ. ಅಲ್ಲಿ ಬೆಲೆ ತೆರೂದು ಬ್ಯಾರೆ ಕಡೆ. ಲೋಕಸಭಾದಾಗ ಪಕ್ಷ ಇದ್ದಂಗ ಅಲ್ಲಿ ಸದನದ ಒಳಗ ‘ಗುಂಪು’ ಅಂತ ಇರ್ತಾವ, ಒಂದು ಗುಂಪಿಗೆ ಕನಿಷ್ಠ 15 ಸಂಸದರು ಬೇಕು. ಪ್ರಶ್ನೋತ್ತರದಾಗ ಸರದಿ, ಚರ್ಚೆಯೊಳಗ ಮಾತಿನ ನಿಮಿಷ, ಸ್ಥಾಯಿ ಸಮಿತಿಯ ಜಾಗ, ಸಿಬ್ಬಂದಿ, ಕೋಣೆ ಎಲ್ಲಾ ಗುಂಪಿನ ಲೆಕ್ಕದಾಗ ಹಂಚ್ತಾರ. ಯಾವ ಗುಂಪಿನ್ಯಾಗೂ ಇಲ್ಲದವ ಒಂಟಿ ಆಗ್ತಾನ. ಮತ ಹಾಕಬಹುದು, ತಿದ್ದುಪಡಿ ಕೊಡಬಹುದು, ಖರೇ. ಆದ್ರ ಬಾಯಿ ತೆಗಿಯಾಕ ಸರದಿ ಬರೂದು ಅಪರೂಪ. ಅದಕ್ಕ ಪಕ್ಷ ಬಿಟ್ಟವ ಮೊದಲು ಹುಡುಕೂದು ಹೊಸ ಗುಂಪು. ಆ ಗುಂಪಿನ ಅಧ್ಯಕ್ಷರ ಒಪ್ಪಿಗೆಯ ಸಹಿ ಇದ್ರ ಆತು, ಸರ್ಕಾರಿ ಗೆಜೆಟ್ಟಿನ್ಯಾಗ ಹೆಸರು ಬರ್ತದ.

ರುಫ್ಯಾಂ ಮಾಡಿದ್ದು ಇದನ್ನ, ಅದೂ ಸಮಯ ನೋಡಿ. 2024ರ ಜೂನ್ 9ಕ್ಕ ಮ್ಯಾಕ್ರನ್ ಸದನ ವಿಸರ್ಜನಾ ಮಾಡಿದ್ರು. ಎಡಪಕ್ಷಗಳು ‘ಹೊಸ ಜನರಂಗ’ ಕಟ್ಟಿದವು. ಆ ಒಗ್ಗಟ್ಟಿಗೆ ಅವತ್ತ ರಾತ್ರಿನ ಕರೆ ಕೊಟ್ಟವ್ರೊಳಗ ಇವರೂ ಒಬ್ರು. ಅದ ಹೊತ್ತಿಗೆ ಮೆಲಾಂಶೋಂ ಕೂಟ ತನ್ನ ಐದು ಮಂದಿ ಹಾಲಿ ಸಂಸದರಿಗೆ ಟಿಕೆಟ್ ತಪ್ಪಿಸ್ತು: ಅಲೆಕ್ಸಿಸ್ ಕೊರ್ಬಿಯೇರ್, ರಾಕೆಲ್ ಗರಿದೊ, ದನಿಯೆಲ್ ಸಿಮೊನೆ, ಆಂಡ್ರಿಕ್ ದವಿ, ಫ್ರೆಡೆರಿಕ್ ಮಾತ್ಯೂ. ಕೊರ್ಬಿಯೇರ್, ಸಿಮೊನೆ, ದವಿ ಮೂರೂ ಮಂದಿ ಅಧಿಕೃತ ಅಭ್ಯರ್ಥಿಗಳ ವಿರುದ್ಧ ನಿಂತು ಗೆದ್ರು. ರುಫ್ಯಾಂ ಎರಡು ಸುತ್ತಿನ ನಡುವ, ಗೆದ್ರ ಮೆಲಾಂಶೋಂ ಗುಂಪಿನ್ಯಾಗ ಕೂಡೂದಿಲ್ಲ ಅಂತ ಹೇಳಿಬಿಟ್ರು. ಹೊಸ ಸದನಕ್ಕ ಗುಂಪುಗಳು ಹೊಸದಾಗೇ ನೋಂದಣಿ ಆಗ್ತಾವ, ಹಿಂಗಾಗಿ ರಾಜೀನಾಮೆ ಗಿಜೀನಾಮೆ ತಾಪತ್ರಯ ಇಲ್ಲ. ಹಸಿರು ಪಕ್ಷದವರ ಗುಂಪಿನ್ಯಾಗ ಹೆಸರು ಬರೆಸಿದ್ರು, ಅದ ಕೂಟದಾಗಿದ್ದ ಸಂಸದೆ ಕ್ಲೆಮಾಂತಿನ್ ಓತ್ಯಾಂ ಮತ್ತ ಆ ಮೂರೂ ಮಂದಿ ಸೈತ ಅಲ್ಲೇ.

ರೊಕ್ಕದ ಪೆಟ್ಟು ಬ್ಯಾರೆ ಅದ. ಪಕ್ಷಗಳಿಗೆ ಸರ್ಕಾರಿ ಅನುದಾನ ಎರಡು ಕಂತಿನ್ಯಾಗ. ಒಂದು, ಮೊದಲ ಸುತ್ತಿನ ಮತದ ಮ್ಯಾಲ: ಕನಿಷ್ಠ 50 ಕ್ಷೇತ್ರದಾಗ 1% ಬಂದಿರಬೇಕು, ಬಂದ್ರ ವರ್ಷಕ್ಕ ಮತಕ್ಕ ಒಂದೂವರೆ ಯೂರೊದ ಆಸುಪಾಸು. ಎರಡನೇದು ಸಂಸದರ ತಲಿ ಎಣಿಸಿ, ಒಬ್ಬರಿಗೆ ವರ್ಷಕ್ಕ ಸುಮಾರು 37,000 ಯೂರೊ. ಮೊದಲನೇ ಕಂತಿಗೆ ಅರ್ಹತಾ ಇಲ್ಲದ ಪಕ್ಷಕ್ಕ ಎರಡನೇದೂ ಇಲ್ಲ. ಒಂದೇ ಜಿಲ್ಲಾದಾಗ ಗಟ್ಟಿ ಇರೂ ಸಣ್ಣ ಪಕ್ಷ ಇಲ್ಲೇ ಸಾಯ್ತದ. ರುಫ್ಯಾಂ ಅವರ ‘ಪಿಕಾರ್ಡಿ ದೆಬೂ’ ಹಂಗ ಒಂದು ಪ್ರಾಂತ್ಯದ ಹೆಸರಿನ ಸಂಘಟನಾ ಆಗಿತ್ತು. 2025ರಾಗ ಅದನ್ನ ‘ದೆಬೂ’ ಅಂತ ದೇಶಮಟ್ಟದ ಪಕ್ಷ ಮಾಡಿದ್ದರ ಹಿಂದ ಈ ಲೆಕ್ಕಾನೂ ಇರ್ಲಿಕ್ಕೇಬೇಕು ಅಂತ ನನ್ನ ಅಂದಾಜು.

ಡೊಂಬಿವಲಿ ಲೋಕಲ್

“ಪಾಸು ಮಾಡಿಸಿದ್ದೇನು” ಎಂಬ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳಿ: ವಿರೋಧ ಪಕ್ಷದ ಸಂಸದನೊಬ್ಬ ಅಲ್ಲಿ ಏನು ಪಾಸು ಮಾಡಿಸಬಲ್ಲ? ನಮ್ಮಲ್ಲಿ 1970ರ ನಂತರ ಒಂದೇ ಒಂದು ಖಾಸಗಿ ಸದಸ್ಯರ ಮಸೂದೆ ಕಾನೂನಾಗಿಲ್ಲ. ಅಲ್ಲಿ ಬಾಗಿಲು ಇದೆ, ಆದರೆ ತಲೆ ಬಗ್ಗಿಸಿ ನುಗ್ಗಬೇಕು.

ಮೊದಲ ಅಡ್ಡಿ ಸಂವಿಧಾನದ 40ನೇ ವಿಧಿ. ಸಂಸದ ತರುವ ಮಸೂದೆಯಾಗಲಿ ತಿದ್ದುಪಡಿಯಾಗಲಿ ಸರ್ಕಾರದ ಖರ್ಚು ಹೆಚ್ಚಿಸುವಂತಿಲ್ಲ. ಆದಾಯ ಕಡಿಮೆಯಾಗುವುದಾದರೆ ಇನ್ನೊಂದು ತೆರಿಗೆಯಿಂದ ತುಂಬಿಕೊಡುತ್ತೇನೆ ಎಂದು ಬರೆದು ಪಾರಾಗಬಹುದು. ರೂಢಿಯಲ್ಲಿ ಎಲ್ಲರೂ ತಂಬಾಕಿನ ಮೇಲೆ ಹಾಕಿಬಿಡುತ್ತಾರೆ. ಆ ತಿದ್ದುಪಡಿಗಳೆಲ್ಲ ನಿಜವಾಗಿ ಜಾರಿಯಾಗಿದ್ದರೆ ಅಲ್ಲಿ ಬೀಡಿ ಸೇದಲೂ ಸಾಲ ಮಾಡಬೇಕಿತ್ತು. ಆದರೆ ಖರ್ಚು ಹೆಚ್ಚಿಸುವುದಕ್ಕೆ ಈ ಉಪಾಯ ನಡೆಯುವುದಿಲ್ಲ, ಚರ್ಚೆಗೆ ಬರುವ ಮೊದಲೇ ತಿರಸ್ಕೃತ. “ಮನೆಗೆಲಸದ ಸಹಾಯಕಿಯರ ಸಂಬಳ ಸರ್ಕಾರ ಹೆಚ್ಚಿಸಲಿ” ಎಂದು ನೇರವಾಗಿ ಬರೆದರೆ ಅಲ್ಲಿಗೇ ಮುಗಿಯಿತು.

ಎರಡನೆಯದು ಸಮಯ. ತಿಂಗಳಿಗೆ ಒಂದು ದಿನ ವಿರೋಧಿ ಮತ್ತು ಸಣ್ಣ ಗುಂಪುಗಳಿಗೆ ಮೀಸಲು, ಅದನ್ನು ಗುಂಪುಗಳು ಹಂಚಿಕೊಳ್ಳುತ್ತವೆ. ಒಂದು ಗುಂಪಿಗೆ ವರ್ಷಕ್ಕೆ ಬರುವುದು ಸಾಮಾನ್ಯವಾಗಿ ಒಂದೇ ದಿನ. ಬೆಳಿಗ್ಗೆ 9ಕ್ಕೆ ಶುರು, ಮಧ್ಯರಾತ್ರಿಗೆ ಮುಕ್ತಾಯ. ಮತಕ್ಕೆ ಹಾಕುವ ಮೊದಲೇ 12 ಹೊಡೆದರೆ ಆ ಮಸೂದೆ ಹೋಯಿತು ಎಂದೇ ಲೆಕ್ಕ. ಎದುರಾಳಿಗಳು ನೂರಾರು ತಿದ್ದುಪಡಿ ಹಾಕಿ ಗಡಿಯಾರ ನೋಡುತ್ತಾ ಕೂರುತ್ತಾರೆ. ಇನ್ನೂ ಬೇಗ ಮುಗಿಸಬೇಕೆಂದರೆ ಚರ್ಚೆಗೆ ಮೊದಲೇ ತಿರಸ್ಕಾರದ ಗೊತ್ತುವಳಿ ತರಬಹುದು. 2018ರ ಅಕ್ಟೋಬರ್ 11ರಂದು ಹಾಗಾಯಿತು: ಅಂಗವಿಕಲ ಮಕ್ಕಳಿಗೆ ಶಾಲೆಯಲ್ಲಿ ನೆರವಾಗುವ ಸಹಾಯಕರ ಬಗ್ಗೆ ಬಲಪಂಥೀಯ ಸಂಸದ ಒರೆಲಿಯಾಂ ಪ್ರಾದಿಯೇ ತಂದ ಮಸೂದೆಯನ್ನು ಮ್ಯಾಕ್ರನ್ ಬಹುಮತ ಚರ್ಚೆಗೇ ಬಿಡಲಿಲ್ಲ. ರುಫ್ಯಾಂ ಎದ್ದು ಆಡಳಿತ ಪಕ್ಷದ ಬೆಂಚುಗಳ ಮೇಲೆ ಹರಿಹಾಯ್ದ ವಿಡಿಯೊ ಊರೆಲ್ಲ ಹರಡಿತು. ಭಾಷಣದಲ್ಲಿ ಇದನ್ನು “ರುಫ್ಯಾಂ ಮಸೂದೆ” ಎಂದು ಹೇಳಬೇಡಿ, ಬಹಳ ಜನ ಹಾಗೆಯೇ ಬರೆಯುತ್ತಾರೆ.

ಇನ್ನು ನನಗೆ ಆತನ ಒಳ್ಳೆಯ ಕೆಲಸ ಅನಿಸುವುದು ಯಾವುದು ಎಂದರೆ ಸದ್ದಿಲ್ಲದ ಒಂದು ವರದಿ. ಆರ್ಥಿಕ ವ್ಯವಹಾರಗಳ ಸಮಿತಿಯಿಂದ ಮ್ಯಾಕ್ರನ್ ಪಕ್ಷದ ಉದ್ಯಮಿ ಸಂಸದ ಬ್ರೂನೊ ಬೊನೆಲ್ ಜೊತೆ ಸೇರಿ 2020ರಲ್ಲಿ ಸಲ್ಲಿಸಿದ್ದು. ವೃದ್ಧರ ಮನೆಗೆ ಹೋಗಿ ಸ್ನಾನ ಮಾಡಿಸುವವರು, ಮಕ್ಕಳನ್ನು ನೋಡಿಕೊಳ್ಳುವವರು, ಶಾಲಾ ಸಹಾಯಕರು ಇವರೆಲ್ಲರ ದಿನಚರಿ ಮತ್ತು ಕೂಲಿ ಅದರ ವಿಷಯ. ಮುಖ್ಯ ತೊಡಕು ಗಂಟೆಯ ದರವಲ್ಲ, ಚೂರುಚೂರಾದ ದಿನ: ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು, ನಡುವಿನ ಓಡಾಟಕ್ಕೆ ಸರಿಯಾಗಿ ಕೂಲಿ ಸಿಗದಿರುವುದು. ದಿನವಿಡೀ ಹೊರಗಿದ್ದರೂ ತಿಂಗಳ ಕೊನೆಗೆ ಪೂರ್ತಿ ಸಂಬಳ ಆಗುವುದಿಲ್ಲ. ಮುಂಬೈ, ಪುಣೆಯ ಮನೆಗೆಲಸದ ಬಾಯಿಗಳ ದಿನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾನೂನು ಆಗದಿದ್ದರೂ ವಿಷಯ ಸದನದ ದಾಖಲೆಗೆ ಅಂಕಿಸಂಖ್ಯೆ ಸಮೇತ ಸೇರಿತು.

ಸಣ್ಣ ಆಯುಧಗಳೂ ಇವೆ. ಲಿಖಿತ ಪ್ರಶ್ನೆ ವರ್ಷಕ್ಕೆ 52, ಸಚಿವರು ಎರಡು ತಿಂಗಳಲ್ಲಿ ಉತ್ತರಿಸಬೇಕು (ಅನೇಕ ಸಲ ಉತ್ತರಿಸುವುದಿಲ್ಲ). ಸದನದ ಪ್ರಶ್ನೆಗೆ ಎರಡು ನಿಮಿಷ, ಮುಗಿದರೆ ಮೈಕ್ ಬಂದ್.

ಸಂಬಳಕ್ಕೆ ಬಂದರೆ, 2017ರಲ್ಲಿ ತಿಂಗಳಿಗೆ ತೆರಿಗೆ ಮತ್ತು ಕಡಿತಕ್ಕೆ ಮುಂಚೆ ಸುಮಾರು 7,200 ಯೂರೊ, 2024ರಿಂದ ಸುಮಾರು 7,640. ಕಚೇರಿ ಖರ್ಚಿಗೆ ಬೇರೆ ಭತ್ಯೆ, 2018ರಲ್ಲಿ 5,373 ಯೂರೊ ಇತ್ತು, ಆಮೇಲೆ ಏರಿದೆ. ಬಿಲ್ಲು ಇಟ್ಟುಕೊಳ್ಳಬೇಕು, ತಪಾಸಣೆ ಇದೆ. ಸಹಾಯಕರ ಸಂಬಳದ ನಿಧಿ ಇನ್ನೊಂದು, ಅದರಲ್ಲಿ ಐದು ಜನರವರೆಗೆ ಇಟ್ಟುಕೊಳ್ಳಬಹುದು, ಆದರೆ 2017ರಿಂದ ಹೆಂಡತಿ, ಗಂಡ, ಮಕ್ಕಳನ್ನು ಇಡುವಂತಿಲ್ಲ. ರುಫ್ಯಾಂ ಕನಿಷ್ಠ ಕೂಲಿಯಷ್ಟನ್ನೇ ತಾನು ಇಟ್ಟುಕೊಂಡು ಉಳಿದದ್ದನ್ನು ಕೊಡುವುದಾಗಿ ಚುನಾವಣೆಗೆ ಮೊದಲೇ ಘೋಷಿಸಿದ್ದರು.

ದಂಡದ ಕಥೆ ಬ್ಯಾಂಕಿನವರಿಗೆ ಇಷ್ಟವಾಗಬಹುದು. 2017ರ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ಆಟಗಾರರ ವರ್ಗಾವಣೆ ಹಣಕ್ಕೆ ತೆರಿಗೆ ಹಾಕಿ ಸಣ್ಣ ಕ್ಲಬ್ಬುಗಳಿಗೆ ಕೊಡಿ ಎಂದು ವಾದಿಸುತ್ತಾ, ತನ್ನ ಕಡೆಯ ಒಕೂರ್ ಎಂಬ ಹಳ್ಳಿಯ ಕ್ಲಬ್ಬಿನ ಜೆರ್ಸಿ ತೊಟ್ಟು ಭಾಷಣ ವೇದಿಕೆಗೆ ಬಂದರು. ಸದನದ ಅಧ್ಯಕ್ಷರು ಕಡತದಲ್ಲಿ ದಾಖಲಾಗುವ ಎಚ್ಚರಿಕೆ ಕೊಟ್ಟರು. ಆ ಮಟ್ಟದ ಶಿಕ್ಷೆಗೆ ಒಂದು ತಿಂಗಳ ಮೂಲ ಸಂಬಳದ ಕಾಲು ಭಾಗ ಕಡಿತ, ಅಂದರೆ 1,378 ಯೂರೊ. ಅದಕ್ಕೂ ಮೇಲಿನದು ಖಂಡನೆ, ಅರ್ಧ ಸಂಬಳ. ಅದಕ್ಕೂ ಮೇಲಿನದರಲ್ಲಿ 15 ಕಲಾಪದ ದಿನ ಹೊರಗೆ, ಜೊತೆಗೆ ಎರಡು ತಿಂಗಳು ಅರ್ಧ ಸಂಬಳ. ಜೆರ್ಸಿ ಪ್ರಸಂಗದ ಬೆನ್ನಿಗೇ 2018ರ ಜನವರಿಯಲ್ಲಿ ಉಡುಪಿನ ನಿಯಮ ಬಿಗಿಯಾಯಿತು: ಲಾಂಛನ, ಘೋಷಣೆ, ಸಮವಸ್ತ್ರ ಬೇಡ.

ಮಾಟುಂಗಾ ಮಾಣಿ

ಕ್ಷೇತ್ರದ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಮುಂಬೈಯ ಮಿಲ್ಲು ಪ್ರದೇಶ ಗಿರಣಗಾಂವ್ ಕಂಡವರು ಸಭೆಯಲ್ಲಿದ್ದರೆ ಇದನ್ನು ಖಂಡಿತ ಹೇಳಿ.

ಫ್ಲಿಕ್ಸ್‌ಕೂರ್ ಕಣಿವೆ ಸ್ಯಾಂ ಫ್ರೆರ್ ಎಂಬ ಸೆಣಬಿನ ಕಂಪನಿಯ ಸಾಮ್ರಾಜ್ಯ ಆಗಿತ್ತು. ಬಂಗಾಳದ ಸೆಣಬು ಹಡಗಲ್ಲಿ ಹೋಗಿ ಅಲ್ಲಿ ಗೋಣಿಚೀಲ, ತಾಡಪಾಲು ಆಗ್ತಿತ್ತು. ಮಿಲ್ಲಿನವರದ್ದೇ ಕೆಲಸಗಾರರ ಮನೆ ಸಾಲು, ನಮ್ಮ ಚಾಳಿನ ಹಾಗೆ. ಆ ಕಂಪನಿ 1969ರಲ್ಲಿ ವಿಲೋ ಸಹೋದರರ ಕೈಗೆ ಹೋಯಿತು, ಆಮೇಲೆ ಬುಸಾಕ್ ಎಂಬ ಬಟ್ಟೆ ಕಂಪನಿ ಜೊತೆ ಸೇರಿತು, 1981ರಲ್ಲಿ ದಿವಾಳಿ. 1984ರ ಕೊನೆಗೆ ಅದನ್ನು ಹಿಡಿದವರು ಉದ್ಯಮಿ ಬೆರ್ನಾರ್ ಆರ್ನೋ. ಆ ಗಂಟಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಎಂಬ ದುಬಾರಿ ಫ್ಯಾಷನ್ ಕಂಪನಿ ಇತ್ತು. ಅದು ಉಳಿಯಿತು, ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ರುಫ್ಯಾಂ ಅವರ 2016ರ ಸಾಕ್ಷ್ಯಚಿತ್ರ ‘ಮೆರ್ಸಿ ಪತ್ರೋಂ’ ಇದೇ ಆರ್ನೋ ಅವರ ಬೆನ್ನು ಹತ್ತಿದ್ದು, ಕೆಲಸ ಕಳೆದುಕೊಂಡ ಒಂದು ಕುಟುಂಬದ ಪರ. ಹಾಗಾಗಿ ಸಿನಿಮಾ, ಕ್ಷೇತ್ರ, ರಾಜಕೀಯ ಮೂರೂ ಒಂದೇ ದಾರದ್ದು. 1999ರಲ್ಲಿ ಆಮಿಯಾಂನಲ್ಲಿ ಶುರು ಮಾಡಿದ ‘ಫಕೀರ್’ ಪತ್ರಿಕೆ ಮೊದಲಿಂದ ಬರೆಯುತ್ತಿದ್ದದ್ದೂ ಇಂಥದ್ದನ್ನೇ.

ತಪ್ಪು ಆಗುವ ಜಾಗಗಳು: ಆ ಸಿನಿಮಾಕ್ಕೆ ಸಿಕ್ಕಿದ್ದು 2017ರ ಸೆಜಾರ್ ಎಂಬ ಫ್ರೆಂಚ್ ಸಿನಿಮಾ ಪ್ರಶಸ್ತಿ, ಕಾನ್ ಚಿತ್ರೋತ್ಸವದ್ದಲ್ಲ. ಆಮಿಯಾಂನ ವರ್ಲ್‌ಪೂಲ್ ಬಟ್ಟೆ ಒಣಗಿಸುವ ಯಂತ್ರದ ಕಾರ್ಖಾನೆಯನ್ನು ಯಾರೂ ಉಳಿಸಲಿಲ್ಲ. 2017ರ ಏಪ್ರಿಲ್ 26ರಂದು ಮ್ಯಾಕ್ರನ್, ಲೆ ಪೆನ್ ಇಬ್ಬರೂ ಒಂದೇ ದಿನ ಅದರ ಗೇಟಿಗೆ ಬಂದರು, ಉತ್ಪಾದನೆ 2018ರಲ್ಲಿ ಪೋಲೆಂಡಿನ ಲೋಡ್ಜ್‌ಗೆ ಹೋಯಿತು, ಜಾಗ ವಹಿಸಿಕೊಂಡ ಹೊಸ ಕಂಪನಿಯೂ 2019ರಲ್ಲಿ ಕುಸಿಯಿತು. ಪುಣೆ ಹತ್ತಿರ ರಾಂಜಣಗಾಂವ್‌ನಲ್ಲಿ ಅದೇ ಬ್ರಾಂಡಿನ ಫ್ರಿಜ್ ಕಾರ್ಖಾನೆ ಇರುವುದರಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಮಿಯಾಂ ಕೆಲಸ ಇಲ್ಲಿಗೆ ಬಂದದ್ದಲ್ಲ, ಪೋಲೆಂಡಿಗೆ ಹೋದದ್ದು.

ಕೋಥ್ರೂಡ್ ಕನ್ನಡತಿ

ಎಲ್ಲರಿಗೂ ಧನ್ಯವಾದ, ಇಪ್ಪತ್ತು ನಿಮಿಷ ಸಾಲದು ಈಗ. ಇನ್ನೆರಡು: ಚುನಾವಣೆಗೆ ಆತ ಎಷ್ಟು ಖರ್ಚು ಮಾಡಬಹುದು? ರಾಷ್ಟ್ರಾಧ್ಯಕ್ಷ ಚುನಾವಣೆಗೆ ನಿಂತರೆ ಸಂಸದ ಸ್ಥಾನ ಬಿಡಬೇಕೇ?

ಡೊಂಬಿವಲಿ ಲೋಕಲ್

ಮಿತಿ 38,000 ಯೂರೊ, ಜೊತೆಗೆ ಕ್ಷೇತ್ರದ ತಲೆಗೆ 0.15 ಯೂರೊ, ಒಟ್ಟನ್ನು 1.26ರಿಂದ ಗುಣಿಸಬೇಕು. 1,20,000 ಜನರ ಕ್ಷೇತ್ರಕ್ಕೆ 70,000 ಯೂರೊ ಚಿಲ್ಲರೆ. ಮೊದಲ ಸುತ್ತಲ್ಲಿ 5% ಬಂದರೆ ಮಿತಿಯ 47.5%ರವರೆಗೆ ಸರ್ಕಾರ ವಾಪಸು ಕೊಡುತ್ತದೆ, ಅದೂ ಸ್ವಂತ ದುಡ್ಡು ಅಥವಾ ಸಾಲ ಹಾಕಿದ್ದರೆ ಮಾತ್ರ. ದೇಣಿಗೆಯಿಂದ ಮಾಡಿದ ಖರ್ಚಿಗೆ ಇಲ್ಲ. ಒಬ್ಬ ವ್ಯಕ್ತಿ ಒಂದು ಚುನಾವಣೆಗೆ ಕೊಡಬಹುದಾದದ್ದು 4,600 ಯೂರೊ, ಕಂಪನಿಗಳ ದೇಣಿಗೆ 1995ರಿಂದ ನಿಷಿದ್ಧ. ಹಣ ಅಭ್ಯರ್ಥಿಯ ಕೈಗೆ ಬರುವಂತಿಲ್ಲ, ಅದಕ್ಕೆಂದೇ ನೇಮಿಸಿದ ಆರ್ಥಿಕ ಪ್ರತಿನಿಧಿಯ ಪ್ರತ್ಯೇಕ ಖಾತೆಗೆ ಬರಬೇಕು. ಅಭ್ಯರ್ಥಿ ತನ್ನ ಜೇಬಿಂದ ನೇರವಾಗಿ ದೊಡ್ಡ ಬಿಲ್ಲು ಕಟ್ಟಿದರೆ ಇಡೀ ಲೆಕ್ಕವೇ ತಿರಸ್ಕೃತವಾಗಬಹುದು. ಆಗ ಮರುಪಾವತಿ ಹೋಗುತ್ತದೆ, ತಪ್ಪು ಗಂಭೀರವಾಗಿದ್ದರೆ ಮುಂದೆ ನಿಲ್ಲುವ ಹಕ್ಕೂ ಹೋಗುತ್ತದೆ.

ವಾಸ್ಕೊ ಧಾರವಾಡಿ

ಕುರ್ಚಿ ಬಿಡೂದೇನ ಬ್ಯಾಡ್ರಿ, ನಿಲ್ಲಬಹುದು. ಗೆದ್ರ ಮಾತ್ರ ಬಿಡಬೇಕು. ಖರೇ ಅಡ್ಡಗಾಲು 500 ಸಹಿ. ಚುನಾಯಿತ ಪ್ರತಿನಿಧಿಗಳ ಸಹಿ ಬೇಕು, ಕನಿಷ್ಠ 30 ಜಿಲ್ಲಾದಿಂದ, ಒಂದ ಜಿಲ್ಲಾದಿಂದ ಹತ್ತನೇ ಒಂದು ಭಾಗಕ್ಕಿಂತ, ಅಂದ್ರ 50ಕ್ಕಿಂತ ಹೆಚ್ಚು ಲೆಕ್ಕಕ್ಕ ಬರಂಗಿಲ್ಲ. ಸಹಿ ಹಾಕೂ ಹಕ್ಕಿದ್ದವರು 40,000ದ ಮ್ಯಾಲ ಇದ್ದಾರ, ಅವರಾಗ ಬಹುತೇಕರು ಸಣ್ಣ ಊರಿನ ಮೇಯರುಗಳು. 2017ರಿಂದ ಸಹಿ ಹಾಕಿದ ಪ್ರತಿಯೊಬ್ರ ಹೆಸರೂ ಸಂವಿಧಾನ ಪರಿಷತ್ತು ಪ್ರಕಟ ಮಾಡ್ತದ, ಒಮ್ಮೆ ಹಾಕಿದ್ರ ಹಿಂದ ತಗೊಳ್ಳಾಕ ಬರಂಗಿಲ್ಲ. ದೊಡ್ಡ ಪಕ್ಷದವರಿಗೆ ತಮ್ಮವ ಮೇಯರುಗಳು ಇರ್ತಾರ. ಪಕ್ಷ ಬಿಟ್ಟು ಬಂದವ ಸೋಮ್ ಜಿಲ್ಲಾದಾಗ ಎಷ್ಟ ಹೆಸರುವಾಸಿ ಇರ್ಲಿ, ಅಲ್ಲಿಂದ 50ರ ಮ್ಯಾಲ ಒಂದೂ ಲೆಕ್ಕಕ್ಕ ಹಿಡಿಯಂಗಿಲ್ಲ. ಉಳಿದ 450ಕ್ಕ ಬ್ಯಾರೆ ಜಿಲ್ಲಾದ ಹಳ್ಳಿ ಹಳ್ಳಿ ಬಾಗಿಲು ಬಡಿಬೇಕು.